ಸಂಜೆಯೊಳಗೆ ಹಟ್ಟಿಗೆ ಮರಳುವ ದಾರಿ: ಕೂನೂರಿನ ಮಹಿಳಾ ಕಾಲೇಜು, ಒಂದು ಪ್ರಕರಣ ಅಧ್ಯಯನ

ನೀಲಗಿರಿ ಜಿಲ್ಲೆಯ ಕೂನೂರಿನ ಸ್ಪ್ರಿಂಗ್ ಫೀಲ್ಡ್ ಪ್ರದೇಶದಲ್ಲಿ ಪ್ರಾವಿಡೆನ್ಸ್ ಮಹಿಳಾ ಕಾಲೇಜು ಇದೆ. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುವ ಈ ಕಾಲೇಜು ಆರಂಭವಾದದ್ದು 1966ರಲ್ಲಿ. ಇಲ್ಲಿ ನಾನು ಅದರ ಚರಿತ್ರೆಯನ್ನು ಬರೆಯಹೊರಟಿಲ್ಲ. ಅದು ಹುಟ್ಟಿದ ಕಾಲದಲ್ಲಿ ಬೆಟ್ಟದ ಹೆಣ್ಣುಮಕ್ಕಳ ಮುಂದಿದ್ದ ಒಂದೇ ಒಂದು ಪರಿಸ್ಥಿತಿಯನ್ನು ಎತ್ತಿಕೊಂಡು, ಅದರಲ್ಲಿ ಎಷ್ಟು ಬಗೆಹರಿಯಿತು, ಎಷ್ಟು ಹಾಗೆಯೇ ಉಳಿಯಿತು ಎಂದು ನೋಡುವುದು ನನ್ನ ಉದ್ದೇಶ. ಆ ಪರಿಸ್ಥಿತಿಯನ್ನು ಸರಳವಾಗಿ ಹೀಗೆ ಹೇಳಬಹುದು: ಬೆಟ್ಟದ ಊರಿನಲ್ಲಿ ಹುಟ್ಟಿ, ಅಲ್ಲಿಯೇ ಹೈಸ್ಕೂಲು ಮುಗಿಸಿದ ಹುಡುಗಿಯೊಬ್ಬಳು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪದವಿ ಓದಬೇಕೆಂದರೆ ಘಾಟಿ ಇಳಿದು ಬಯಲುಸೀಮೆಗೆ ಹೋಗಿ ಅಲ್ಲಿ ಹಾಸ್ಟೆಲಿನಲ್ಲಿ ನಿಲ್ಲಬೇಕಾಗಿತ್ತು, ಅಷ್ಟಕ್ಕೆ ಒಪ್ಪುವ ಮನೆಗಳು ಬಹಳ ಕಡಮೆ.

ಹಿನ್ನೆಲೆಯಲ್ಲಿ ಮೊದಲು ಗಮನಿಸಬೇಕಾದದ್ದು ದೂರವನ್ನು. ಮೆಟ್ಟುಪಾಳ್ಯದಿಂದ ಕೂನೂರಿಗೆ ರೈಲು ಹಳಿಯ ಉದ್ದ 28 ಕಿಲೋಮೀಟರ್. ನಕಾಶೆಯಲ್ಲಿ ಅದು ದೂರವೇ ಅಲ್ಲ. ಆದರೆ ಆ 28 ಕಿಲೋಮೀಟರಿನಲ್ಲಿ ಸುಮಾರು 1,400 ಮೀಟರ್ ಎತ್ತರವನ್ನು ಏರಬೇಕು. ಕಲ್ಲಾರಿನಿಂದ ಮೇಲಕ್ಕೆ ರೈಲು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡೇ ಹತ್ತಬೇಕು. 1899ರಲ್ಲಿ ಕೂನೂರನ್ನು ಮುಟ್ಟಿ, 1908ರಲ್ಲಿ ಉದಕಮಂಡಲದವರೆಗೆ ಬೆಳೆದ ಈ ಮಾರ್ಗ ಇಂದು ಯುನೆಸ್ಕೋ ಪಟ್ಟಿಯಲ್ಲಿರುವ ಪಾರಂಪರಿಕ ತಾಣ. ಪ್ರವಾಸಿಗೆ ಸೊಗಸೆನಿಸುವ ಅದರ ನಿಧಾನ, ದಿನವೂ ಹೋಗಿಬರಬೇಕಾದ ವಿದ್ಯಾರ್ಥಿನಿಗೆ ಮುಚ್ಚಿದ ಬಾಗಿಲಿನಂತೆ. ಘಾಟಿಯ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದರೂ ಕೂನೂರಿನಿಂದ ಕೊಯಮತ್ತೂರಿಗೆ ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಇಳಿದು ಸಂಜೆ ಹತ್ತುವ ಮಾತು ಅಂದಿನ ದಿನಗಳಲ್ಲಿ ಯಾರ ಯೋಚನೆಗೂ ಬರುವಂಥದ್ದಾಗಿರಲಿಲ್ಲ.

ಕೊಯಮತ್ತೂರಿನಲ್ಲಿ ಹೆಣ್ಣುಮಕ್ಕಳ ಕಾಲೇಜುಗಳಿಗೇನೂ ಕೊರತೆ ಇರಲಿಲ್ಲ. ಕ್ಯಾಥೊಲಿಕ್ ಸನ್ಯಾಸಿನಿಯರದೇ ಆದ ನಿರ್ಮಲಾ ಮಹಿಳಾ ಕಾಲೇಜು 1948ರಿಂದ ನಡೆಯುತ್ತಿತ್ತು. 1963ರಲ್ಲಿ ಕೃಷ್ಣಮ್ಮಾಳ್ ಕಾಲೇಜು ಬಂದಿತು. ಬೆಟ್ಟದ ಮೇಲೆ, ಉದಕಮಂಡಲದಲ್ಲಿ, 1955ರಲ್ಲಿ ಸರ್ಕಾರಿ ಕಲಾ ಕಾಲೇಜು ಆರಂಭವಾಗಿತ್ತು. ಜಾನ್ ಸಲ್ಲಿವನ್ ಕಟ್ಟಿಸಿದ ಕಲ್ಲುಬಂಗಲೆ ಇರುವ ಆವರಣವೇ ಅದರ ನೆಲೆ. ಹೀಗಿದ್ದೂ ಕೂನೂರಿನಲ್ಲಿ ಇನ್ನೊಂದು ಕಾಲೇಜು ಏಕೆ ಬೇಕಾಯಿತು ಎಂಬ ಪ್ರಶ್ನೆಗೆ, ಕಾಲೇಜುಗಳನ್ನು ಎಣಿಸುವುದರಿಂದ ಉತ್ತರ ಸಿಗುವುದಿಲ್ಲ. ಹುಡುಗಿ ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ, ಹಗಲೆಲ್ಲ ಯಾರ ಕಣ್ಣಳತೆಯಲ್ಲಿ ಇರುತ್ತಾಳೆ ಎಂಬ ಎರಡು ಲೆಕ್ಕಗಳನ್ನು ಹಾಕಿದಾಗ ಮಾತ್ರ ಉತ್ತರ ತಿಳಿಯುತ್ತದೆ.

ಈ ಪ್ರಕರಣದ ನಡುವೆ ನಿಂತಿರುವ ಹುಡುಗಿ ಯಾರು ಎಂಬುದನ್ನು ಈಗ ಹೇಳಬೇಕು. ಕೂನೂರು, ಕೋಟಗಿರಿ, ಕೇತಿಗಳ ಸುತ್ತಮುತ್ತ ಬಡಗರ ಹಟ್ಟಿಗಳು ಹರಡಿಕೊಂಡಿವೆ. ಬಡಗರು ಎಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ವಿಜಯನಗರದ ಪತನದ ನಂತರದ ಕಾಲದಲ್ಲಿ ಬೆಟ್ಟ ಹತ್ತಿದವರು ಎಂಬುದು ಪರಂಪರೆಯ ಮಾತು. ಅವರ ನುಡಿ ಕನ್ನಡದ ಒಳನುಡಿಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಭಾಷಾಶಾಸ್ತ್ರಜ್ಞರಲ್ಲಿ ನಡೆದೇ ಇದೆ. ಆದರೆ ಹಾಲು, ನೀರು, ಮನೆ, ಹಬ್ಬ ಎಂಬ ಮಾತುಗಳು ಅವರ ಬಾಯಿಂದ ಬಂದಾಗ, ಮೈಸೂರಿನ ಕಡೆಯಿಂದ ಬೆಟ್ಟ ಹತ್ತಿದ ನನ್ನಂಥವರಿಗೆ ಯಾವ ದುಭಾಷಿಯೂ ಬೇಕಾಗುವುದಿಲ್ಲ. ಹಟ್ಟಿ ಎಂಬ ಶಬ್ದವೇ ನಮ್ಮದು. ಬಡಗ ಸಮಾಜಕ್ಕೆ ವರದಕ್ಷಿಣೆ ಇಲ್ಲದ ಸಮಾಜ ಎಂಬ ಹೆಸರಿದೆ, ವಿಧವೆಯ ಮರುಮದುವೆಗೆ ಅಲ್ಲಿ ಹಿಂದಿನಿಂದಲೂ ಅಡ್ಡಿ ಇಲ್ಲ. ಹಾಗೆಂದ ಮಾತ್ರಕ್ಕೆ ಹೆಣ್ಣುಮಗಳ ಓದಿಗೆ ದಾರಿ ಸಲೀಸಾಗಿತ್ತು ಎಂದು ತಿಳಿಯುವುದು ತಪ್ಪು. ಈ ಮನೆಗಳಲ್ಲಿ ಹೊಲದ ಕೆಲಸದ ದೊಡ್ಡ ಪಾಲು ಹೆಂಗಸರ ಕೈಯಲ್ಲಿತ್ತು; ಆದ್ದರಿಂದ ಮಗಳನ್ನು ಮೂರು ವರ್ಷ ದೂರದ ಊರಿಗೆ ಕಳುಹಿಸುವುದೆಂದರೆ ಹಾಸ್ಟೆಲಿನ ಹಣದ ಜೊತೆಗೆ, ಮನೆಯ ಎರಡು ಕೈಗಳನ್ನೂ ಬಿಟ್ಟುಕೊಟ್ಟಂತಾಗುತ್ತಿತ್ತು.

1960ರ ದಶಕದಲ್ಲಿ ಆ ಕೈಗಳ ಬೆಲೆ ಇನ್ನಷ್ಟು ಏರಿತು. ಅದುವರೆಗೆ ಬಡಗರ ಮುಖ್ಯ ಹಣದ ಬೆಳೆ ಆಲೂಗಡ್ಡೆಯಾಗಿತ್ತು. 1961ರಲ್ಲಿ ನೀಲಗಿರಿಯ ಆಲೂಗಡ್ಡೆ ಹೊಲಗಳಲ್ಲಿ ಬೇರಿನ ಮೇಲೆ ಹೊನ್ನಿನ ಬಣ್ಣದ ಪುಟ್ಟ ಕೋಶಗಳನ್ನು ಕಟ್ಟುವ ಸೂಕ್ಷ್ಮ ಜಂತುಹುಳು ಪತ್ತೆಯಾಯಿತು, ಅಲ್ಲಿಂದಾಚೆಗೆ ಆ ಬೆಳೆಯ ಮೇಲಿನ ಭರವಸೆ ಕುಗ್ಗುತ್ತ ಹೋಯಿತು. ಸಣ್ಣ ಹಿಡುವಳಿದಾರರು ಚಹಾ ಗಿಡಗಳಿಗೆ ತಿರುಗಿದರು. ಆಲೂಗಡ್ಡೆಗೆ ಬಿತ್ತನೆಯ ಕಾಲ, ಅಗೆಯುವ ಕಾಲ ಎಂದಿರುತ್ತದೆ, ನಡುವೆ ಬಿಡುವಿರುತ್ತದೆ. ಚಹಾಕ್ಕೆ ಅಂಥ ಬಿಡುವಿಲ್ಲ. ಚಿಗುರು ಬಂದಂತೆಲ್ಲ ವರ್ಷಪೂರ್ತಿ ಕೀಳುತ್ತಲೇ ಇರಬೇಕು. ಕೀಳುವವರು ಹೆಚ್ಚಾಗಿ ಹೆಂಗಸರು. ಹೀಗೆ ಮನೆಯ ಕೈಗೆ ಸ್ವಲ್ಪ ಕಾಸು ಸಿಗತೊಡಗಿದ ಹೊತ್ತಿನಲ್ಲೇ ಮಗಳ ದುಡಿಮೆಯೂ ಹೆಚ್ಚು ಬೇಕಾಯಿತು. ಸಂಜೆ ಮನೆಗೆ ಮರಳುವ ಮಗಳು ರಜೆಯ ದಿನಗಳಲ್ಲಾದರೂ ತೋಟಕ್ಕೆ ಒದಗುತ್ತಾಳೆ, ಕೊಯಮತ್ತೂರಿನಲ್ಲಿ ನಿಂತ ಮಗಳು ಒದಗುವುದಿಲ್ಲ. ಈ ಚಿಕ್ಕ ವ್ಯತ್ಯಾಸವೇ ಪದವಿ ಆಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವಷ್ಟು ದೊಡ್ಡದು ಎಂದು ನಾನು ಭಾವಿಸುತ್ತೇನೆ.

ಕಾಲೇಜು ಆರಂಭವಾದ ವರ್ಷದಲ್ಲಿ ನೀಲಗಿರಿಯನ್ನು ಲೋಕಸಭೆಯಲ್ಲಿ ಪ್ರತಿನಿಧಿಸುತ್ತಿದ್ದವರು ಒಬ್ಬ ಮಹಿಳೆ, ಅಕ್ಕಮ್ಮ ದೇವಿ. 1962ರಿಂದ 1967ರವರೆಗೆ ಸಂಸದೆಯಾಗಿದ್ದ ಅವರು ಬಡಗ ಸಮುದಾಯದ ಮೊದಲ ಮಹಿಳಾ ಪದವೀಧರೆ ಎಂದು ಹೆಸರಾದವರು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಒಂದು ಸಮುದಾಯದ ಮೊಟ್ಟಮೊದಲ ಪದವೀಧರೆಯೇ ದೆಹಲಿಯಲ್ಲಿ ಕುಳಿತಿದ್ದ ಕಾಲದಲ್ಲಿ, ಅದೇ ಸಮುದಾಯದ ಸಾಮಾನ್ಯ ಮನೆಯ ಹುಡುಗಿಗೆ ಪದವಿ ಎಂಬುದು ಊರಿನ ಒಬ್ಬಿಬ್ಬರಿಗೆ ಮಾತ್ರ ದಕ್ಕುವ ಅಪರೂಪದ ವಸ್ತುವಾಗಿತ್ತು. ಅಪರೂಪದವರು ದಾರಿ ತೋರಿಸಬಲ್ಲರು. ಆ ದಾರಿಯಲ್ಲಿ ನೂರಾರು ಜನ ನಡೆಯಬೇಕಾದರೆ ಊರಿನ ಹತ್ತಿರ ಒಂದು ಗೇಟು ಬೇಕು, ಗೇಟಿನವರೆಗೆ ಒಂದು ಬಸ್ಸು ಬೇಕು.

ಬೆಟ್ಟದ ಹುಡುಗಿ ಎಂದರೆ ಬಡಗ ಹುಡುಗಿಯೊಬ್ಬಳೇ ಅಲ್ಲ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಅವರ ನಡುವೆ ಆದ ಒಪ್ಪಂದದಂತೆ ಸಿಲೋನಿನ (ಇಂದಿನ ಶ್ರೀಲಂಕಾದ) ತೋಟಗಳಲ್ಲಿದ್ದ ಭಾರತೀಯ ಮೂಲದ 5,25,000 ಮಂದಿಯನ್ನು ಭಾರತ ಸ್ವೀಕರಿಸಬೇಕಾಗಿತ್ತು. ಹಾಗೆ ಬಂದವರಲ್ಲಿ ಅನೇಕರಿಗೆ ನೀಲಗಿರಿಯೇ ನೆಲೆಯಾಯಿತು. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ 1968ರಿಂದ ಚಹಾ ತೋಟಗಳನ್ನು ಬೆಳೆಸಿತು. ತಲೆತಲಾಂತರದಿಂದ ತೋಟದ ಕೂಲಿಗಾರರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಬದುಕಿದ ಕುಟುಂಬದ ಹುಡುಗಿಗೆ ಕೊಯಮತ್ತೂರಿನ ಹಾಸ್ಟೆಲು ಕನಸಿನ ಆಚೆಯ ಮಾತು. ವೆಲ್ಲಿಂಗ್ಟನ್ ದಂಡಿನ ಸಿಬ್ಬಂದಿಯ ಮಕ್ಕಳು, ಕೂನೂರು ಪೇಟೆಯ ವ್ಯಾಪಾರಿಗಳ ಮಕ್ಕಳು, ಅರುವಂಕಾಡಿನ ಮದ್ದಿನ ಕಾರ್ಖಾನೆಯ ಕೆಲಸಗಾರರ ಮಕ್ಕಳು ಇವರೆಲ್ಲರೂ ಅದೇ ಬೆಟ್ಟದವರೇ. ಒಬ್ಬೊಬ್ಬರ ಮನೆಯ ಸ್ಥಿತಿ ಒಂದೊಂದು ಬಗೆಯದಾದರೂ ಇಳಿಯಬೇಕಾದ ಘಾಟಿ ಎಲ್ಲರಿಗೂ ಒಂದೇ ಆಗಿತ್ತು.

ಸನ್ಯಾಸಿನಿಯರ ಕಾಲೇಜು ಎಂಬುದರ ಅರ್ಥ

2011ರ ಜನಗಣತಿಯ ಪ್ರಕಾರ ನೀಲಗಿರಿ ಜಿಲ್ಲೆಯ 7,35,394 ಜನರಲ್ಲಿ, ಎಲ್ಲ ಪಂಗಡಗಳನ್ನೂ ಸೇರಿಸಿ, ಕ್ರೈಸ್ತರು ಶೇಕಡ 11ರ ಆಸುಪಾಸಿನಲ್ಲಿದ್ದಾರೆ. ಇಂಥ ಜಿಲ್ಲೆಯಲ್ಲಿ ಕ್ಯಾಥೊಲಿಕ್ ಕಾಲೇಜೊಂದು ತನ್ನ ಮತದವರಿಗಾಗಿ ಮಾತ್ರ ಎಂದು ಬಾಗಿಲು ತೆರೆದರೆ ತರಗತಿಗಳು ತುಂಬುವುದಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ನೀಡಿದೆ. ಸರ್ಕಾರದ ಅನುದಾನ ಪಡೆದ ಸಂಸ್ಥೆಯಲ್ಲಿ ಮತ, ಜಾತಿ, ಭಾಷೆಗಳ ಕಾರಣಕ್ಕಷ್ಟೇ ಪ್ರವೇಶ ನಿರಾಕರಿಸಬಾರದೆಂದು 29ನೇ ವಿಧಿ ಹೇಳುತ್ತದೆ. ಈ ಎರಡರ ನಡುವಣ ಸಮತೋಲವನ್ನು ಸುಪ್ರೀಂ ಕೋರ್ಟು ಹಲವು ಬಾರಿ ತೂಗಿ ನೋಡಿದೆ. 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ನೀಡಿದ ಪ್ರಸಿದ್ಧ ತೀರ್ಪು ನಮ್ಮ ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲೇ ಬಂದದ್ದು. ಆದರೆ ಈ ಪ್ರಕರಣಕ್ಕೆ ಕಾನೂನಿನ ಚೌಕಟ್ಟಿಗಿಂತ ಹೆಚ್ಚು ಮುಖ್ಯವಾದದ್ದು ನಂಬಿಕೆಯ ವಿಷಯ.

ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸುವ ಮನೆಯವರು ಆ ಕಾಲದಲ್ಲಿ ಪಠ್ಯಕ್ರಮದ ಬಗ್ಗೆ ವಿಚಾರಿಸುವುದಕ್ಕಿಂತ ಮೊದಲು ಅಲ್ಲಿ ಯಾರಿರುತ್ತಾರೆ ಎಂದು ವಿಚಾರಿಸುತ್ತಿದ್ದರು. ಹೆಂಗಸರೇ ಪಾಠ ಹೇಳುವ, ಹೆಂಗಸರೇ ಆಡಳಿತ ನಡೆಸುವ, ಆವರಣದಲ್ಲಿಯೇ ವಾಸಿಸುವ ಸಿಸ್ಟರುಗಳು ಹಗಲೆಲ್ಲ ಕಾಯುವ ಒಂದು ಸ್ಥಳ, ಹಟ್ಟಿಯ ಹಿರಿಯರ ಮಟ್ಟಿಗೆ ವಾದವಿಲ್ಲದೆ ಒಪ್ಪಿಕೊಳ್ಳಬಹುದಾದ ಸ್ಥಳವಾಗಿತ್ತು. ಇದರಲ್ಲಿ ಒಂದು ಕಷ್ಟವೂ ಇದೆ, ಅದನ್ನು ಮರೆಮಾಡಬಾರದು. ಕಾವಲಿನ ಮೇಲೆ ನಿಂತ ನಂಬಿಕೆ ಹುಡುಗಿಯನ್ನು ಕಾಲೇಜಿಗೆ ಕರೆತರುತ್ತದೆ, ಅದೇ ಕಾವಲು ಆಮೇಲೆ ಅವಳ ಓಡಾಟವನ್ನೂ ಮಾತನ್ನೂ ಅಳತೆಗೆ ಸಿಕ್ಕಿಸುತ್ತದೆ. ದೇಶದ ಅನೇಕ ಮಹಿಳಾ ಕಾಲೇಜುಗಳ ವಿದ್ಯಾರ್ಥಿನಿಯರು ಇತ್ತೀಚಿನ ವರ್ಷಗಳಲ್ಲಿ ಹಾಸ್ಟೆಲಿನ ಬಾಗಿಲು ಹಾಕುವ ಹೊತ್ತಿನ ಬಗ್ಗೆ ಎತ್ತಿರುವ ಪ್ರಶ್ನೆಗಳು ನ್ಯಾಯವಾದವು ಎಂದೇ ನನ್ನ ಅಭಿಪ್ರಾಯ. ಆದರೂ 1966ರ ಕೂನೂರಿನ ಸನ್ನಿವೇಶವನ್ನು ಇಂದಿನ ಅಳತೆಗೋಲಿನಿಂದ ಅಳೆಯುವಾಗ, ಆ ಕಾವಲು ಇಲ್ಲದಿದ್ದರೆ ಹುಡುಗಿ ಗೇಟಿನೊಳಗೆ ಬರುತ್ತಲೇ ಇರಲಿಲ್ಲ ಎಂಬುದನ್ನು ಮರೆತರೆ ಅದು ಅವಳಿಗೂ ಸಂಸ್ಥೆಗೂ ಮಾಡುವ ಅನ್ಯಾಯ.

ಕಾಲೇಜು ಮೊದಲು ಮದರಾಸು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು; 1982ರಲ್ಲಿ ಕೊಯಮತ್ತೂರಿನಲ್ಲಿ ಭಾರತಿಯಾರ್ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ನೀಲಗಿರಿ ಅದರ ವ್ಯಾಪ್ತಿಗೆ ಬಂದಿತು. ವಿಶ್ವವಿದ್ಯಾಲಯದ ಕಚೇರಿ ಹತ್ತಿರವಾದದ್ದು ಆಡಳಿತಕ್ಕೆ ಅನುಕೂಲವಾಯಿತು, ಅಷ್ಟೇ. ವಿದ್ಯಾರ್ಥಿನಿಯ ದಿನಚರಿಯಲ್ಲಿ ಅದರಿಂದ ಹೆಚ್ಚೇನೂ ಬದಲಾಗಲಿಲ್ಲ.

ಮಳೆ, ಪರೀಕ್ಷೆ, ಎಲೆಯ ಬೆಲೆ

ಬೆಟ್ಟದ ಮೇಲೆ ಕಾಲೇಜು ಬಂದಿತು ಎಂದಾಕ್ಷಣ ದೂರ ಅಳಿಯಲಿಲ್ಲ, ಅದು ಚಿಕ್ಕದಾಯಿತು. ಹಟ್ಟಿಯಿಂದ ಕೂನೂರು ಪೇಟೆಗೆ ಬರುವ ಬಸ್ಸು, ಅಲ್ಲಿಂದ ಕಾಲೇಜಿನವರೆಗಿನ ಏರುದಾರಿ, ಮಂಜಿನಲ್ಲಿ ಹತ್ತು ಅಡಿ ಮುಂದಿನದು ಕಾಣದ ಬೆಳಗುಗಳು, ತಪ್ಪಿದರೆ ಮತ್ತೊಂದಿಲ್ಲದ ಸಂಜೆಯ ಬಸ್ಸು ಎಂಬಿವು ಇಂದಿಗೂ ಅಲ್ಲಿನ ಓದಿನ ಭಾಗಗಳೇ. ಇವುಗಳಲ್ಲೆಲ್ಲ ಅತಿ ಕಠಿಣವಾದದ್ದು ಮಳೆ. ಕರ್ನಾಟಕದ ಮಲೆನಾಡಿನವರಿಗೆ ಮಳೆಗಾಲವೆಂದರೆ ಜೂನ್, ಜುಲೈ. ನೀಲಗಿರಿಯ ಪೂರ್ವದ ಇಳಿಜಾರಿನಲ್ಲಿರುವ ಕೂನೂರು, ಕೋಟಗಿರಿಗಳಿಗೆ ಜೋರಾದ ಮಳೆ ಸುರಿಯುವುದು ಈಶಾನ್ಯ ಮಾರುತದಿಂದ, ಅಂದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ವರ್ಷದ ಮೊದಲ ಸೆಮಿಸ್ಟರಿನ ಪರೀಕ್ಷೆಗಳು ನಡೆಯುವುದೂ ಸರಿಯಾಗಿ ಅದೇ ವಾರಗಳಲ್ಲಿ. 2009ರ ನವೆಂಬರಿನಲ್ಲಿ ಕೇತಿಯಲ್ಲಿ ಒಂದೇ ದಿನದ ಮಳೆ 80 ಸೆಂಟಿಮೀಟರ್ ದಾಟಿತು. ಕೂನೂರು, ಕೇತಿ, ಉದಕಮಂಡಲದ ಸುತ್ತ ಗುಡ್ಡಗಳು ಜರಿದು ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಘೋರವಾದದ್ದು ಪ್ರತಿ ವರ್ಷ ಆಗುವುದಿಲ್ಲ ನಿಜ. ಆದರೆ ರಸ್ತೆಗೆ ಮರ ಬೀಳುವುದು, ಮಣ್ಣು ಕುಸಿಯುವುದು, ಘಾಟಿಯ ರೈಲು ನಿಲ್ಲುವುದು, ಜಿಲ್ಲಾಧಿಕಾರಿಗಳು ಶಾಲಾ ಕಾಲೇಜುಗಳಿಗೆ ರಜೆ ಸಾರುವುದು ಆ ತಿಂಗಳುಗಳಲ್ಲಿ ಸಾಮಾನ್ಯ ಸಂಗತಿಗಳು. ಬಯಲಿನ ಋತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ವೇಳಾಪಟ್ಟಿಯನ್ನು ಬೆಟ್ಟದ ಮೇಲೆ ಹಾಗೆಯೇ ಹೊದಿಸಿದಾಗ, ಅದರ ಭಾರ ಬೀಳುವುದು ಪೇಟೆಯಲ್ಲಿ ಮನೆಯಿದ್ದವಳ ಮೇಲಲ್ಲ, ದೂರದ ಹಟ್ಟಿಯಿಂದ ಎರಡು ಬಸ್ಸು ಬದಲಿಸಿ ಬರುವವಳ ಮೇಲೆ.

ಇನ್ನೊಂದು ಭಾರ ಚಹಾ ಎಲೆಯ ಬೆಲೆಯದು. 1990ರ ದಶಕದ ಕೊನೆಯಲ್ಲಿ ಹಸಿ ಎಲೆಯ ಬೆಲೆ ಕುಸಿದಾಗ ನೀಲಗಿರಿಯ ಸಣ್ಣ ಬೆಳೆಗಾರರು ಬೀದಿಗಿಳಿದು ಹೋರಾಡಬೇಕಾಯಿತು, ಆ ಹೋರಾಟ ಬೇರೆಬೇರೆ ರೂಪಗಳಲ್ಲಿ ಇನ್ನೂ ನಡೆದಿದೆ. ಎಲೆ ಕೊಂಡ ಕಾರ್ಖಾನೆಯಿಂದ ತಿಂಗಳಿಗೊಮ್ಮೆ ಬರುವ ಹಣದಲ್ಲಿಯೇ ಗೊಬ್ಬರದ ಸಾಲ, ಅಂಗಡಿಯ ಬಾಕಿ, ಕಾಲೇಜಿನ ಶುಲ್ಕ ಎಲ್ಲವೂ ತೀರಬೇಕು. ಬಡಗರು ತಮಿಳುನಾಡಿನ ಪಟ್ಟಿಯಲ್ಲಿ ಹಿಂದುಳಿದ ವರ್ಗದವರು. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ ಹಳೆಯದಾದರೂ ಈಡೇರಿಲ್ಲ, ಆದ್ದರಿಂದ ಪಂಗಡದ ವಿದ್ಯಾರ್ಥಿವೇತನ ಅವರಿಗೆ ಸಿಗುವುದಿಲ್ಲ. ಸರ್ಕಾರಿ ಶಾಲೆಯಲ್ಲಿ 6ರಿಂದ 12ನೇ ತರಗತಿಯವರೆಗೆ ಓದಿದ ಹುಡುಗಿಯರಿಗೆ ಕಾಲೇಜಿನಲ್ಲಿರುವಷ್ಟು ಕಾಲ ತಿಂಗಳಿಗೆ 1,000 ರೂಪಾಯಿ ನೀಡುವ ಯೋಜನೆಯನ್ನು ತಮಿಳುನಾಡು 2022ರ ಸೆಪ್ಟೆಂಬರಿನಲ್ಲಿ ಆರಂಭಿಸಿತು. ಹುಡುಗಿಯರ ಖಾತೆಗೇ ನೇರವಾಗಿ ಬರುವ ಈ ಹಣ ಮನೆಯ ಮಾತುಕತೆಯಲ್ಲಿ ಅವಳಿಗೆ ಒಂದು ಸ್ಥಾನ ಕೊಡುತ್ತದೆ. ಹೆಂಗಸರ ಉಚಿತ ಬಸ್ ಪ್ರಯಾಣ 2021ರಲ್ಲಿಯೇ ಆ ರಾಜ್ಯದಲ್ಲಿ ಬಂದಿದ್ದರೂ ನೀಲಗಿರಿ, ಕೊಡೈಕೆನಾಲ್, ವಾಲ್ಪಾರೈಗಳಂಥ ಬೆಟ್ಟದ ಪ್ರದೇಶಗಳಿಗೆ ಅದನ್ನು ವಿಸ್ತರಿಸುವ ಘೋಷಣೆಯಾದದ್ದು 2024ರ ಬಜೆಟ್ಟಿನಲ್ಲಿ. ಬಸ್ಸಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿದ್ದ ಕಡೆಗೆ ಆ ಸೌಲಭ್ಯ ಕಡೆಯಲ್ಲಿ ಬಂದಿತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಬಗೆಹರಿಯದೆ ಉಳಿದ ಮಾತು

ದೂರದ ಸಮಸ್ಯೆಯನ್ನು ಕಾಲೇಜು ತನ್ನ ಇರವಿನಿಂದಲೇ ಬಹುಪಾಲು ಬಗೆಹರಿಸಿತು. ಭಾಷೆಯ ಸಮಸ್ಯೆ ಹಾಗೆಯೇ ಉಳಿದಿದೆ, ಕನ್ನಡದವರಾದ ನಮಗೆ ಈ ಪ್ರಕರಣ ಎದೆಗೆ ತಾಕುವುದು ಇಲ್ಲಿಯೇ. ಹಟ್ಟಿಯ ಹುಡುಗಿ ಮನೆಯಲ್ಲಿ ಬಡಗ ಮಾತನಾಡುತ್ತಾಳೆ, ಶಾಲೆಯಲ್ಲಿ ತಮಿಳಿನಲ್ಲಿ ಓದುತ್ತಾಳೆ, ಕಾಲೇಜಿಗೆ ಬಂದಾಗ ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ತಾಯಿ ಹಾಲು ಅಂದದ್ದನ್ನು ತಮಿಳು ಪುಸ್ತಕ ಪಾಲ್ ಎನ್ನುತ್ತದೆ, ಪ್ರಯೋಗಾಲಯದ ಹಾಳೆಯಲ್ಲಿ ಅವಳು ಮಿಲ್ಕ್ ಎಂದು ಬರೆಯುತ್ತಾಳೆ. ಪದವಿಯ ಮೊದಲ ಭಾಗದಲ್ಲಿ ತಮಿಳನ್ನೋ ಬೇರೊಂದು ಭಾಷೆಯನ್ನೋ, ಎರಡನೆಯ ಭಾಗದಲ್ಲಿ ಇಂಗ್ಲಿಷನ್ನು ಓದಬೇಕೆಂಬ ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ಅವಳ ಮನೆಮಾತಿಗೆ ಎಲ್ಲಿಯೂ ಸ್ಥಳವಿಲ್ಲ. ಅದಕ್ಕೆ ತನ್ನದೇ ಆದ ಲಿಪಿ ಇಲ್ಲ ಎಂಬ ಕಾರಣವನ್ನು ಸಾಮಾನ್ಯವಾಗಿ ಕೊಡುತ್ತಾರೆ. ಈ ಕಾರಣ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಬಡಗರ ನಡುವಣ ಶಿಕ್ಷಣದ ಚರಿತ್ರೆಯೇ ಬೇರೊಂದು ಮಾತು ಹೇಳುತ್ತದೆ.

ನಿವೃತ್ತ ನ್ಯಾಯಾಧೀಶ ಜಾರ್ಜ್ ಕ್ಯಾಸಮೇಜರ್ 1840ರ ದಶಕದಲ್ಲಿ ಕೇತಿಯಲ್ಲಿ ನೆಲೆಸಿ, ಕನ್ನಡ ಕಲಿತು, ಬಡಗ ಮಕ್ಕಳಿಗಾಗಿ ಶಾಲೆ ನಡೆಸಿದರು. ಅವರ ಆಸ್ತಿಯ ನೆರವಿನಿಂದ ಬಾಸೆಲ್ ಮಿಷನ್ ಅಲ್ಲಿ ಬೇರೂರಿತು. ಅದು ಪ್ರಾಟೆಸ್ಟಂಟ್ ಮಿಷನ್ನು, ಕೂನೂರಿನ ಸನ್ಯಾಸಿನಿಯರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದರ ಕೆಲಸ ನಡೆದದ್ದು ಕನ್ನಡದ ಮೂಲಕ. 1890ರಲ್ಲಿ ಬಡಗ ನುಡಿಯಲ್ಲಿ ಲೂಕನ ಸುವಾರ್ತೆ ಮಂಗಳೂರಿನಲ್ಲಿ ಅಚ್ಚಾದಾಗ ಬಳಸಿದ ಲಿಪಿಯೂ ಕನ್ನಡವೇ. ಮುಂದೆ ಆಡಳಿತ, ಪೇಟೆ, ಶಾಲೆ ಎಲ್ಲವೂ ತಮಿಳಿನತ್ತ ಸರಿದವು, ಅದರಲ್ಲಿ ಯಾರ ತಪ್ಪನ್ನೂ ನಾನು ಹುಡುಕುತ್ತಿಲ್ಲ. ತಮಿಳುನಾಡಿನಲ್ಲಿ ಬದುಕುವ ಹುಡುಗಿಗೆ ತಮಿಳು ಅನ್ನದ ಭಾಷೆ, ಅವಳಿಗೆ ಅದು ಬೇಕು. ಬೇಕಾಗಿಲ್ಲದ್ದು ಮನೆಮಾತಿನ ಬಗೆಗಿನ ನಾಚಿಕೆ. ಬಡಗ ಹಾಡುಗಳನ್ನೂ ಗಾದೆಗಳನ್ನೂ ಹಟ್ಟಿಯ ಹಿರಿಯರಿಂದ ಕೇಳಿ ಬರೆದುಕೊಳ್ಳುವ ಒಂದು ಐಚ್ಛಿಕ ಪತ್ರಿಕೆಯನ್ನು, ಯಾವ ಲಿಪಿಯಲ್ಲಾದರೂ ಸರಿ, ಕೂನೂರಿನಂಥ ಊರಿನ ಕಾಲೇಜು ನಡೆಸಬಲ್ಲದು. ಅದಕ್ಕೆ ಬೇಕಾದ ಪರಿಣತಿ ಮೈಸೂರಿನಲ್ಲಿದೆ: 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ, ಅದು ಬೆಟ್ಟದಿಂದ ಅರ್ಧ ದಿನದ ದಾರಿ. ಬಡಗವನ್ನು ಕನ್ನಡದ ಉಪಭಾಷೆ ಎಂದು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಅದನ್ನು ಆಡುವ ಹುಡುಗಿಯರಿಗಾಗಿ ಒಂದು ಪುಟ್ಟ ಓದುಪುಸ್ತಕವನ್ನಾದರೂ ಸಿದ್ಧಪಡಿಸಲು ಮುಂದಾಗಬೇಕು. ಅವರನ್ನು ಕನ್ನಡಿಗರನ್ನಾಗಿ ಮಾಡುವ ಉದ್ದೇಶದಿಂದಲ್ಲ. ಅವರ ನುಡಿ ಅವರ ಕೈಯಲ್ಲೇ ಬರಹಕ್ಕಿಳಿಯಲಿ ಎಂಬ ಆಸೆಯಿಂದ.

ಪ್ರಕರಣದ ಕೊನೆಯ ಭಾಗ ಜಿಲ್ಲೆಯ ಪಶ್ಚಿಮದ ತುದಿಗೆ ಸೇರಿದ್ದು. ಕೂನೂರಿನ ಗೇಟು ತೆರೆದುಕೊಂಡದ್ದು ಮುಖ್ಯವಾಗಿ ಕೂನೂರು, ಕೋಟಗಿರಿ, ಕೇತಿ, ಉದಕಮಂಡಲಗಳ ಕಡೆಯವರಿಗೆ. ಪಣಿಯರು, ಕಾಡುನಾಯಕರು ಹೆಚ್ಚಾಗಿ ನೆಲೆಸಿರುವುದು ಗೂಡಲೂರು, ಪಂದಲೂರುಗಳಲ್ಲಿ. ಸರ್ಕಾರವೇ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಪಂಗಡಗಳಿವು, ಇವರಲ್ಲಿ ಕಾಡುನಾಯಕರ ನುಡಿ ಕನ್ನಡಕ್ಕೆ ಹತ್ತಿರದ್ದು. ಗೂಡಲೂರಿನಿಂದ ಉದಕಮಂಡಲಕ್ಕೆ ಸುಮಾರು 50 ಕಿಲೋಮೀಟರ್ ಘಾಟಿ, ಅಲ್ಲಿಂದ ಕೂನೂರಿಗೆ ಮತ್ತೆ 20 ಕಿಲೋಮೀಟರಿನಷ್ಟು. ಎರಡನ್ನೂ ಕೂಡಿಸಿದರೆ 70 ಕಿಲೋಮೀಟರ್ ಆಗುತ್ತದೆ. 1966ಕ್ಕೆ ಮುಂಚೆ ಕೂನೂರಿನ ಹುಡುಗಿಗೆ ಕೊಯಮತ್ತೂರು ಇದ್ದ ದೂರವೂ ಅಷ್ಟೇ ಆಗಿತ್ತು.